ಸಂಗಾತಿ ಓದಲು ಅಮೆರಿಕಕ್ಕೆ ಹೊರಟಿದ್ದಾರಾ? ಜೊತೆಗೆ ಹೋಗುವವರ ವೀಸಾ ಕೆಲಸ, ಮೊದಲಿಂದ

ಗಂಡನೋ ಹೆಂಡತಿಯೋ ಓದಲು ಹೊರದೇಶಕ್ಕೆ ಹೊರಟಾಗ ಜೊತೆಗೆ ಹೋಗುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ನನಗೂ ವೀಸಾ ಸಿಗುತ್ತಾ?' ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಅಲ್ಲಿಗೆ ಹೋದ ಮೇಲೆ ನನಗೆ ಕೆಲಸ ಮಾಡಲು ಬಿಡುತ್ತಾರಾ? ಓದಲು ಬಿಡುತ್ತಾರಾ? ಇದಕ್ಕೆ ಉತ್ತರ ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲೂ ವೀಸಾದ ಬಗೆಯಿಂದ ಬಗೆಗೆ ಬೇರೆ. ಬೆಂಗಳೂರಲ್ಲಿ ಒಳ್ಳೆಯ ಕೆಲಸ ಬಿಟ್ಟು ಹೋಗಿ, ವಿಮಾನ ಇಳಿದ ಮೇಲೆ ಇದು ಗೊತ್ತಾಗಿ ಎರಡು ಮೂರು ವರ್ಷ ಮನೆಯಲ್ಲೇ ಕೂತವರನ್ನು ನಾನು ನೋಡಿದ್ದೇನೆ. ಅವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ, ಸರಿಯಾದ ಸಮಯಕ್ಕೆ ಯಾರೂ ಹೇಳಿರಲಿಲ್ಲ. ಹಾಗಾಗಿ ಇದನ್ನು ಓದುವವರಿಗಿಂತ ಜಾಸ್ತಿ, ಜೊತೆಗೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ.

ಅಮೆರಿಕದ ವಿಷಯ ವಿವರವಾಗಿ ಹೇಳುತ್ತೇನೆ, ನಮ್ಮ ಕಡೆಯಿಂದ ಹೋಗುವವರಿಗೆ ಅಲ್ಲೇ ಗೊಂದಲ ಜಾಸ್ತಿ. ಆದರೆ ಇನ್ನೂ ಯೂನಿವರ್ಸಿಟಿ ಆರಿಸಿಲ್ಲ, ನಾಲ್ಕೈದು ಕಡೆ ಅರ್ಜಿ ಹಾಕಿದ್ದೇವೆ ಅನ್ನುವವರು ಮೊದಲು ಮುಂದಿನ ಭಾಗ ಓದಿ.

ಸೀಟು ಒಪ್ಪಿಕೊಳ್ಳುವ ಮೊದಲು

ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಪಿಎಚ್‌ಡಿ ಅಥವಾ ಸಂಶೋಧನೆಯೇ ಮುಖ್ಯವಾದ ಮಾಸ್ಟರ್ಸ್ ಮಾಡುವವರಿಗೆ, ಇಲ್ಲವೇ ಸರ್ಕಾರವೇ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಆರು ತಿಂಗಳಿಗಿಂತ ದೊಡ್ಡ ಕೋರ್ಸಿಗೆ ಕಳಿಸಿದವರಿಗೆ ಮಾತ್ರ ಅವಕಾಶ. ಒಂದು ವರ್ಷದ ಎಂಎಸ್ಸಿಗೆ ಸೀಟು ತೆಗೆದುಕೊಂಡು 'ಹೆಂಡತಿಯನ್ನು ಆಮೇಲೆ ಕರೆಸಿಕೊಳ್ಳುತ್ತೇನೆ' ಅಂದುಕೊಂಡರೆ ಆಗುವುದಿಲ್ಲ. ಅವಕಾಶ ಇರುವವರಿಗೆ ಒಂದು ಒಳ್ಳೆಯ ವಿಷಯವೂ ಇದೆ, ಜೊತೆಗೆ ಹೋದವರು ಅಲ್ಲಿ ಕೆಲಸ ಮಾಡಬಹುದು. ಖರ್ಚು ಮಾತ್ರ ಜಾಸ್ತಿ. ವೀಸಾ ಫೀಸಿನ ಜೊತೆಗೆ ಆರೋಗ್ಯ ಸರ್ಚಾರ್ಜ್ ಅಂತ ತಲೆಗೆ ವರ್ಷಕ್ಕೆ 776 ಪೌಂಡ್ ಅನ್ನು ಪೂರ್ತಿ ಅವಧಿಗೆ ಮೊದಲೇ ಕಟ್ಟಬೇಕು. 2024ರಿಂದ ಇದೇ ದರ.

ಕೆನಡಾ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಯಾವ ಕೋರ್ಸಿಗೆ ಹೋದರೂ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡುವ ಅನುಮತಿ, ಕೊಡುತ್ತಿತ್ತು. ಈಗಲೂ ಕೆಲವು ಏಜೆಂಟರು ಅದನ್ನೇ ಹೇಳುತ್ತಾರೆ, ನಂಬಬೇಡಿ. 2025ರ ಜನವರಿ 21ರಿಂದ 16 ತಿಂಗಳು ಅಥವಾ ಅದಕ್ಕಿಂತ ದೊಡ್ಡ ಮಾಸ್ಟರ್ಸ್, ಪಿಎಚ್‌ಡಿ, ಮತ್ತು ವೈದ್ಯಕೀಯ, ನರ್ಸಿಂಗ್, ಎಂಜಿನಿಯರಿಂಗ್‌ನಂಥ ಕೆಲವು ಆಯ್ದ ಪದವಿಗಳನ್ನು ಓದುವವರ ಸಂಗಾತಿಗೆ ಮಾತ್ರ ಆ ಪರ್ಮಿಟ್ ಸಿಗುತ್ತದೆ. 12 ತಿಂಗಳ ಮಾಸ್ಟರ್ಸ್ ಮತ್ತು 16 ತಿಂಗಳ ಮಾಸ್ಟರ್ಸ್ ಎರಡೂ ಕೈಯಲ್ಲಿದ್ದರೆ, ಈ ನಾಲ್ಕು ತಿಂಗಳ ವ್ಯತ್ಯಾಸ ನಿಮ್ಮ ಸಂಗಾತಿಯ ಪಾಲಿಗೆ ಕೆಲಸ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ.

ಆಸ್ಟ್ರೇಲಿಯಾದಲ್ಲಿ ಎಚ್ಚರಿಕೆಯ ಮಾತು ಒಂದೇ. ವಿದ್ಯಾರ್ಥಿ ತನ್ನ 500 ವೀಸಾದ (ಅಲ್ಲಿನ ವಿದ್ಯಾರ್ಥಿ ವೀಸಾ) ಅರ್ಜಿಯಲ್ಲೇ ಗಂಡ ಅಥವಾ ಹೆಂಡತಿಯ ಹೆಸರು ತೋರಿಸಬೇಕು, ಆಗಲೇ ಜೊತೆಗೆ ಹೋಗದಿದ್ದರೂ ತೋರಿಸಬೇಕು. ಬಿಟ್ಟರೆ ಆಮೇಲೆ ಕರೆಸಿಕೊಳ್ಳುವುದು ಕಷ್ಟವಾಗುತ್ತದೆ. ಓದುವವರು ಮಾಸ್ಟರ್ಸ್ ಅಥವಾ ಪಿಎಚ್‌ಡಿ ಶುರು ಮಾಡಿದ್ದರೆ ಸಂಗಾತಿಯ ಕೆಲಸಕ್ಕೆ ಗಂಟೆಗಳ ಮಿತಿ ಇಲ್ಲ, ಬೇರೆ ಕೋರ್ಸ್ ಆದರೆ ಎರಡು ವಾರಕ್ಕೆ 48 ಗಂಟೆ. ಸಂಗಾತಿಯ ಖರ್ಚಿಗೆ ಅಂತ ವರ್ಷಕ್ಕೆ 10,394 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು ಎಂದು 2024ರ ಮೇನಲ್ಲಿ ನಿಗದಿ ಮಾಡಿದರು.

ಜರ್ಮನಿಗೆ ಹೋಗುವವರ ಸಂಗಾತಿಗೆ ಸಾಮಾನ್ಯವಾಗಿ ಎ1, ಅಂದರೆ ಮೊದಲ ಹಂತದ ಜರ್ಮನ್ ಪರೀಕ್ಷೆ ಪಾಸಾಗಿರಬೇಕು. ಬೆಂಗಳೂರಿನ ಇಂದಿರಾನಗರದಲ್ಲಿ ಗಯಟೆ ಇನ್ಸ್ಟಿಟ್ಯೂಟ್, ಅಂದರೆ ನಮಗೆಲ್ಲ ಗೊತ್ತಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು. ಕಲಿಕೆಗೆ ತಿಂಗಳುಗಳೇ ಬೇಕು, ಸಂಗಾತಿಯ ಅಡ್ಮಿಷನ್ ಬರುವ ಮೊದಲೇ ಸೇರಿಕೊಂಡುಬಿಡಿ. ಅಲ್ಲಿನ ಕುಟುಂಬ ಪರವಾನಗಿ ಸಿಕ್ಕ ಮೇಲೆ ಕೆಲಸ ಮಾಡಬಹುದು.

ಈಗ ಅಮೆರಿಕ.

ಎಫ್‌-2 ಮತ್ತು ಜೆ-2: ಇಲ್ಲೇ ಎಲ್ಲ ತೀರ್ಮಾನವಾಗುತ್ತದೆ

ಹೆಚ್ಚಿನ ವಿದ್ಯಾರ್ಥಿಗಳು ಹೋಗುವುದು ಎಫ್‌-1 ವೀಸಾದಲ್ಲಿ. ಅವರ ಗಂಡ ಅಥವಾ ಹೆಂಡತಿಗೆ ಮತ್ತು 21 ವರ್ಷದೊಳಗಿನ, ಮದುವೆಯಾಗದ ಮಕ್ಕಳಿಗೆ ಎಫ್‌-2. ಎಫ್‌-2ರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಕ್ಯಾಂಪಸ್‌ನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ, ಅರ್ಜಿ ಹಾಕಿ ಅನುಮತಿ ಪಡೆಯುವ ದಾರಿಯೂ ಇಲ್ಲ. ಸಂಗಾತಿ ಓದು ಮುಗಿಸಿ ಓಪಿಟಿಯಲ್ಲಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಎಫ್‌-1ರವರಿಗೆ ಕೊಡುವ ತಾತ್ಕಾಲಿಕ ಅನುಮತಿ) ಕೆಲಸಕ್ಕೆ ಸೇರಿದ ಮೇಲೂ ನೀವು ಎಫ್‌-2ರಲ್ಲೇ ಇರುತ್ತೀರಿ, ಆಗಲೂ ಕೆಲಸ ಇಲ್ಲ. ಎರಡು ವರ್ಷದ ಎಂಎಸ್, ಒಂದು ವರ್ಷದ ಓಪಿಟಿ, ತಂತ್ರಜ್ಞಾನ ವಿಷಯ ಆದರೆ ಅದರ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ. ಲೆಕ್ಕ ಹಾಕಿ, ಐದು ವರ್ಷ ಆಯಿತು.

ಜೆ-1 ವೀಸಾ ಬೇರೆ. ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ನಲ್ಲಿ ಹೋಗುವವರು, ಸರ್ಕಾರದ ಹಣದಲ್ಲಿ ಓದುವವರು ಜೆ-1ರಲ್ಲಿ ಹೋಗುತ್ತಾರೆ. ಯೂನಿವರ್ಸಿಟಿಯೇ ಹೆಚ್ಚಿನ ಖರ್ಚು ಹೊರುವ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಕೆಲವು ಕಡೆ ಜೆ-1 ಕೊಡುತ್ತಾರೆ. ಇವರ ಸಂಗಾತಿಗೆ ಜೆ-2. ಜೆ-2ರವರು ಅಮೆರಿಕಕ್ಕೆ ಹೋದ ಮೇಲೆ ಐ-765 ಅರ್ಜಿ ಹಾಕಿ ಕೆಲಸದ ಅನುಮತಿ ಕಾರ್ಡ್ ಪಡೆಯಬಹುದು. ದುಡಿದ ಹಣ ಜೆ-1ರವರನ್ನು ಸಾಕಲು ಅಲ್ಲ ಅನ್ನುವ ಷರತ್ತು ಇದೆ, ಅರ್ಜಿಯ ಜೊತೆ ಕೊಡುವ ಪತ್ರದಲ್ಲಿ ಅದನ್ನು ತಿಳಿಸಬೇಕು. ಕಾರ್ಡ್ ಕೈಗೆ ಬರುವ ತನಕ ಕೆಲಸ ಶುರು ಮಾಡಬೇಡಿ.

ಹಾಗಾದರೆ ಎಲ್ಲರೂ ಜೆ-1 ಕೇಳಬಹುದಲ್ವಾ? ಸ್ವಲ್ಪ ತಡೆಯಿರಿ. ಜೆ-1ಕ್ಕೆ ಎರಡು ವರ್ಷದ ನಿಯಮ ಅಂಟಿಕೊಳ್ಳಬಹುದು. ಅಂದರೆ ಓದು ಮುಗಿದ ಮೇಲೆ ಭಾರತದಲ್ಲಿ ಎರಡು ವರ್ಷ ಇದ್ದ ಹೊರತು ಎಚ್‌-1ಬಿ ಕೆಲಸದ ವೀಸಾಗೆ ಅಥವಾ ಗ್ರೀನ್ ಕಾರ್ಡಿಗೆ ಹೋಗುವಂತಿಲ್ಲ. ಇದು ಜೆ-2ರವರಿಗೂ ಅಂಟುತ್ತದೆ. ಯಾವ ದೇಶಕ್ಕೆ ಯಾವ ಕೌಶಲದವರು ವಾಪಸ್ ಬೇಕು ಅನ್ನುವ ಅಮೆರಿಕದ ಪಟ್ಟಿಯಲ್ಲಿದ್ದವರಿಗೂ ಇದು ಅಂಟುತ್ತದೆ. 2024ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ಆ ಕೌಶಲಗಳ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಿದ್ದಾರೆ, ಹಾಗಾಗಿ ಆ ಕಾರಣಕ್ಕೆ ನಿಯಮ ಅಂಟುವುದು ನಮ್ಮವರಿಗೆ ಈಗ ತಪ್ಪಿದೆ. ಆದರೆ ಅಮೆರಿಕದ ಅಥವಾ ಭಾರತದ ಸರ್ಕಾರದ ಹಣ ಇದ್ದರೆ ನಿಯಮ ಹಾಗೇ ಇದೆ. ಪಿಎಚ್‌ಡಿ ಆಫರ್ ಇರುವವರು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ನೇರವಾಗಿ ಇಮೇಲ್ ಬರೆದು 'ನನಗೆ ಎಫ್‌-1 ಮತ್ತು ಜೆ-1 ಎರಡರಲ್ಲಿ ಆಯ್ಕೆ ಇದೆಯಾ, ಜೆ-1 ಆದರೆ ಎರಡು ವರ್ಷದ ನಿಯಮ ಬರುತ್ತಾ' ಅಂತ ಕೇಳಿ. ಜೊತೆಗೆ ಹೋಗುವವರು ದುಡಿಯಲೇಬೇಕು ಅನ್ನುವ ಮನೆಯಲ್ಲಿ ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಇಮೇಲ್ ಇನ್ನೊಂದಿಲ್ಲ.

ಮದುವೆ ಸರ್ಟಿಫಿಕೇಟ್, ಪಾಸ್‌ಪೋರ್ಟಿನ ಹೆಸರು

ಛತ್ರದಲ್ಲಿ ಸಾವಿರ ಜನರ ಮುಂದೆ ತಾಳಿ ಕಟ್ಟಿದ್ದರೂ ಕಾನ್ಸುಲೇಟಿಗೆ ಬೇಕಾದ್ದು ನೋಂದಣಿಯ ಸರ್ಟಿಫಿಕೇಟ್. ಕರ್ನಾಟಕದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಬೇಕು, ಹಿಂದೂ ವಿವಾಹ ಕಾಯ್ದೆಯ ನೋಂದಣಿಗೆ ಕಾವೇರಿ 2.0 ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕಾಗುತ್ತಾರೆ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನದ ನೋಟಿಸ್ ಇರುತ್ತದೆ, ಆ ಒಂದು ತಿಂಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಕನ್ನಡದಲ್ಲಿ ಇದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಅಮೆರಿಕದ ಎಫ್‌-2ಗೆ ಅಪೋಸ್ಟಿಲ್ (ದಾಖಲೆ ಹೊರದೇಶದಲ್ಲಿ ನಡೆಯಲು ಹಾಕಿಸುವ ಸರ್ಕಾರಿ ದೃಢೀಕರಣ) ಬೇಕಾಗಿಲ್ಲ, ಯಾರಾದರೂ ಬೇಕೇ ಬೇಕು ಅಂತ ಸಾವಿರಾರು ರೂಪಾಯಿ ಕೇಳಿದರೆ ಸುಮ್ನೆ ಕೊಡಬೇಡಿ.

ನಿಶ್ಚಿತಾರ್ಥ ಆಗಿದೆ, ಮದುವೆ ಡಿಸೆಂಬರಿಗೆ ಅನ್ನುವವರಿಗೆ ಈಗಲೇ ಎಫ್‌-2 ಸಿಗುವುದಿಲ್ಲ. ಓದುವವರು ಮೊದಲು ಹೋಗಿ, ರಜೆಗೆ ಬಂದು ಮದುವೆಯಾಗಿ, ಆಮೇಲೆ ಅರ್ಜಿ ಹಾಕಬಹುದು. ಇದರಲ್ಲಿ ತಪ್ಪೇನೂ ಇಲ್ಲ, ತುಂಬಾ ಜನ ಹಾಗೇ ಮಾಡುತ್ತಾರೆ.

ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಹೆಸರಿನದ್ದು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇರುವುದಿಲ್ಲ, ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದೆ ಅಷ್ಟೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಇನ್ಶೂರೆನ್ಸ್ ಎಲ್ಲದರಲ್ಲೂ ಇದೇ ಮೂರು ಅಕ್ಷರ ನಿಮ್ಮ ಹಿಂದೆ ಬರುತ್ತವೆ. ಸಮಯ ಇದ್ದರೆ ಐ-20 (ವೀಸಾಕ್ಕೆ ಬೇಕಾದ, ಯೂನಿವರ್ಸಿಟಿ ಕೊಡುವ ಪತ್ರ) ಮಾಡಿಸುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ ಸರ್‌ನೇಮ್ ತುಂಬಿಸಿ. ಮದುವೆಯಾಯಿತು ಅಂತ ಗಂಡನ ಹೆಸರನ್ನೇ ಸೇರಿಸಬೇಕು ಎಂದೇನೂ ಇಲ್ಲ, ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಸಾಕು. ಹೆಸರು ಬದಲಿಸುವುದೇ ಆದರೆ ಎಲ್ಲಕ್ಕಿಂತ ಮೊದಲು ಬದಲಿಸಿ. ಅರ್ಧ ಕಾಗದ ಹಳೆಯ ಹೆಸರಲ್ಲಿ, ಅರ್ಧ ಹೊಸ ಹೆಸರಲ್ಲಿ ಇದ್ದರೆ ಪ್ರತಿ ಕೌಂಟರಿನಲ್ಲೂ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ನಿಮ್ಮ ಹೆಸರಿನ ಐ-20

ಜೊತೆಗೆ ಹೋಗುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಐ-20 ಬೇಕು, ಜೆ-2 ಆದರೆ ಡಿಎಸ್‌-2019. ಇದನ್ನು ಕೇಳಬೇಕಾದವರು ವಿದ್ಯಾರ್ಥಿ, ಕೇಳಬೇಕಾದ್ದು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಓ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ಕಾಗದ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ. ನಿಮ್ಮ ಪಾಸ್‌ಪೋರ್ಟ್ ಪ್ರತಿ ಮತ್ತು ನಿಮ್ಮ ಖರ್ಚಿಗೆ ಹೆಚ್ಚುವರಿ ಹಣ ಇರುವ ದಾಖಲೆ ಕೇಳುತ್ತಾರೆ. ಸಂಗಾತಿಗೆ ವರ್ಷಕ್ಕೆ ಎಷ್ಟು ತೋರಿಸಬೇಕು ಅನ್ನುವುದನ್ನು ಆಯಾ ಯೂನಿವರ್ಸಿಟಿಯೇ ನಿಗದಿ ಮಾಡುತ್ತದೆ. ಉಳಿತಾಯ ಖಾತೆ, ಎಫ್‌ಡಿ, ಲೋನ್ ಮಂಜೂರಾದ ಪತ್ರ, ಅಪ್ಪ ಅಮ್ಮ ಹಣ ಕೊಡುವುದಾದರೆ ಅವರ ಪತ್ರ ಮತ್ತು ಬ್ಯಾಂಕ್ ದಾಖಲೆ, ಇವೆಲ್ಲ ನಡೆಯುತ್ತವೆ. ಎಜುಕೇಷನ್ ಲೋನ್ ತೆಗೆಯುವಾಗ ಬ್ಯಾಂಕು ಓದುವವರ ಖರ್ಚಿಗಷ್ಟೇ ಲೆಕ್ಕ ಹಾಕುತ್ತದೆ, ನಿಮ್ಮ ಪಾಲಿನ ಹಣ ಬೇರೆ ಕಡೆಯಿಂದ ತೋರಿಸಬೇಕಾಗಬಹುದು. ಇದನ್ನು ಲೋನ್ ಅರ್ಜಿ ಹಾಕುವ ವಾರವೇ ಮನೆಯಲ್ಲಿ ಕೂತು ಮಾತಾಡಿ.

ಐ-20 ಬಂದ ತಕ್ಷಣ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ದಿನಾಂಕ, ಹುಟ್ಟಿದ ದೇಶ ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಫೀಸು ಎಫ್‌-1ರವರು ಕಟ್ಟಬೇಕು, 350 ಡಾಲರ್. ಎಫ್‌-2 ಮತ್ತು ಜೆ-2ರವರು ಕಟ್ಟಬೇಕಾಗಿಲ್ಲ. ನಿಮ್ಮ ಐ-20ರಲ್ಲೂ ಬೇರೆ ಸೆವಿಸ್ ನಂಬರ್ ಇರುವುದರಿಂದ ಗಾಬರಿಯಾಗಿ ಎರಡನೇ ಸಲ ಕಟ್ಟಿಬಿಡುವವರು ಇದ್ದಾರೆ, ಬೇಡ.

ಡಿಎಸ್‌-160, ಫೀಸು, ಸ್ಲಾಟ್

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಡಿಎಸ್‌-160, ಅಂದರೆ ಆನ್‌ಲೈನ್ ವೀಸಾ ಅರ್ಜಿ, ತುಂಬಬೇಕು. ಅದರಲ್ಲಿ ಕಳೆದ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಕೇಳುತ್ತಾರೆ, ಮುಚ್ಚಿಡಬೇಡಿ. 2025ರ ಜೂನ್‌ನಿಂದ ಎಫ್ ಮತ್ತು ಜೆ ವೀಸಾ ಕೇಳುವ ಎಲ್ಲರೂ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಎಂದಿದ್ದಾರೆ. ಇದು ಓದುವವರಿಗೆ ಮಾತ್ರ ಅಂದುಕೊಳ್ಳುತ್ತಾರೆ, ಎಫ್‌-2ರವರಿಗೂ ಅನ್ವಯಿಸುತ್ತದೆ. ಅರ್ಜಿ ತುಂಬುವುದನ್ನು ಏಜೆಂಟರಿಗೆ ಪೂರ್ತಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೊನೆಯಲ್ಲಿ 'ಇದೆಲ್ಲ ನಿಜ' ಅಂತ ಸಹಿ ಬೀಳುವುದು ನಿಮ್ಮ ಹೆಸರಲ್ಲಿ.

ಅರ್ಜಿ ಫೀಸು ತಲೆಗೆ 185 ಡಾಲರ್, 2023ರ ಜೂನ್‌ನಿಂದ. ಇದರ ಮೇಲೆ 250 ಡಾಲರ್‌ನ 'ವೀಸಾ ಇಂಟೆಗ್ರಿಟಿ ಫೀ' ಎಂಬುದಕ್ಕೆ 2025ರ ಜುಲೈನಲ್ಲಿ ಅಮೆರಿಕ ಕಾನೂನು ಮಾಡಿದೆ, ಹಾಗಾಗಿ ಕಟ್ಟುವ ದಿನ ಸರ್ಕಾರಿ ಜಾಲತಾಣದಲ್ಲಿ ಒಟ್ಟು ಎಷ್ಟು ಅಂತ ನೋಡಿಕೊಳ್ಳಿ.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ಆಗ ವೀಸಾ ಕೆಲಸ ಶುರುವಾಗಲಿಲ್ಲ. ಹಾಗಾಗಿ ನಮ್ಮವರು ಹೆಚ್ಚಾಗಿ ಹೋಗುವುದು ಚೆನ್ನೈಗೆ, ಇಲ್ಲವೇ ಹೈದರಾಬಾದಿಗೆ. ಎರಡು ಅಪಾಯಿಂಟ್‌ಮೆಂಟ್ ಇರುತ್ತವೆ. ಮೊದಲನೆಯದು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೋಗೆ, ಎರಡನೆಯದು ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂಗೆ. ಒಟ್ಟಿಗೆ ಹೋಗುವುದಾದರೆ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಸೇರಿಸಿ ಸ್ಲಾಟ್ ತೆಗೆದುಕೊಳ್ಳಿ. ಇಂಟರ್‌ವ್ಯೂ ಇಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ಕಾಗದ ಹಾಕಿ ಮುಗಿಸಿಬಿಡುವ ಕಾಲ ಈಗ ಇಲ್ಲ, 2025ರ ಸೆಪ್ಟೆಂಬರ್‌ನಿಂದ ಹೆಚ್ಚುಕಡಿಮೆ ಎಲ್ಲರೂ ಖುದ್ದಾಗಿ ಹೋಗಬೇಕು. ದುಬೈಯಲ್ಲೋ ಸಿಂಗಪುರದಲ್ಲೋ ಬೇಗ ಸ್ಲಾಟ್ ಸಿಗುತ್ತದೆ ಅನ್ನುವ ದಾರಿಯನ್ನೂ ಆಗಲೇ ಬಿಗಿ ಮಾಡಿದರು. ನೀವು ಪ್ರಜೆಯಾಗಿರುವ ಅಥವಾ ನೆಲೆಸಿರುವ ದೇಶದಲ್ಲೇ ಅರ್ಜಿ ಹಾಕಬೇಕು.

ಒಟ್ಟಿಗೆ ಹೋಗುವುದಾ, ಒಬ್ಬರು ಮೊದಲು ಹೋಗುವುದಾ

ಎರಡಕ್ಕೂ ನಿಯಮದಲ್ಲಿ ಅವಕಾಶ ಇದೆ. ಎಫ್‌-2ರವರು ಎಫ್‌-1ರವರ ಜೊತೆಗೆ ಅಥವಾ ಅವರ ನಂತರ ಅಮೆರಿಕಕ್ಕೆ ಕಾಲಿಡಬಹುದು, ಅವರಿಗಿಂತ ಮೊದಲು ಹೋಗುವಂತಿಲ್ಲ. ಎಫ್‌-1ರವರು ಕೋರ್ಸ್ ಶುರುವಾಗುವ 30 ದಿನ ಮೊದಲಷ್ಟೇ ಹೋಗಬಹುದು. ಹಾಗಾಗಿ 'ಎರಡು ತಿಂಗಳು ಮೊದಲೇ ಹೋಗಿ ಅತ್ತಿಗೆ ಮನೆಯಲ್ಲಿ ಇರೋಣ' ಅನ್ನುವ ಯೋಜನೆ ಈ ವೀಸಾದಲ್ಲಿ ನಡೆಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹಣದ ದಾಖಲೆ ಗಟ್ಟಿಯಾಗಿದ್ದರೆ ಮತ್ತು ಚಿಕ್ಕ ಮಗು ಇದ್ದರೆ ಒಟ್ಟಿಗೆ ಹೋಗಿ. ಹಣ ಅಷ್ಟಕ್ಕಷ್ಟೇ ಇದ್ದರೆ, ಅಥವಾ ಜೊತೆಗೆ ಹೋಗುವವರಿಗೆ ಇಲ್ಲಿ ಒಳ್ಳೆಯ ಕೆಲಸ ಇದ್ದರೆ, ಒಂದು ಸೆಮಿಸ್ಟರ್ ತಡೆಯುವುದು ವಾಸಿ. ಆಗ ಓದುವವರ ಮಾರ್ಕ್ಸ್ ಪಟ್ಟಿ, ಯೂನಿವರ್ಸಿಟಿಯಲ್ಲಿ ಓದುತ್ತಿರುವ ಪತ್ರ, ಅವರ ವೀಸಾ ಮತ್ತು ಐ-94ರ (ಅಮೆರಿಕದೊಳಗೆ ಬಂದ ದಾಖಲೆ) ಪ್ರತಿ, ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿಯಲ್ಲೇ ಸಂಬಳದ ಕೆಲಸ) ಇದ್ದರೆ ಸಂಬಳದ ಚೀಟಿ, ಮನೆ ಬಾಡಿಗೆ ಕರಾರು, ಇವೆಲ್ಲ ಕೈಯಲ್ಲಿ ಇರುತ್ತವೆ. ಖಾಲಿ ಮಾತಿಗಿಂತ ಈ ಕಾಗದಗಳಿಗೆ ತೂಕ ಜಾಸ್ತಿ. ಅಲ್ಲಿನ ಖರ್ಚು ಎಷ್ಟು ಅಂತಲೂ ಅಷ್ಟರಲ್ಲಿ ಓದುವವರಿಗೆ ಗೊತ್ತಾಗಿರುತ್ತದೆ.

ಕಿಟಕಿಯ ಮುಂದೆ

ಇಂಟರ್‌ವ್ಯೂ ಕೆಲವೇ ನಿಮಿಷ. ಮದುವೆ ಯಾವಾಗ ಆಯಿತು, ಸಂಗಾತಿ ಏನು ಓದುತ್ತಿದ್ದಾರೆ, ಎಲ್ಲಿ, ಖರ್ಚು ಯಾರು ನೋಡಿಕೊಳ್ಳುತ್ತಾರೆ, ನೀವು ಅಲ್ಲಿ ಏನು ಮಾಡುತ್ತೀರಿ, ಓದು ಮುಗಿದ ಮೇಲೆ ಏನು. ಇಷ್ಟರ ಸುತ್ತಲೇ ಪ್ರಶ್ನೆಗಳು ಇರುತ್ತವೆ. ಸಂಗಾತಿಯ ಕೋರ್ಸಿನ ಹೆಸರು, ಊರು, ಎಷ್ಟು ವರ್ಷ, ಫೀಸು ಎಷ್ಟು ಇವು ನಿಮಗೆ ಬಾಯಲ್ಲಿ ಬರಬೇಕು. 'ಅವರಿಗೆ ಗೊತ್ತು' ಅನ್ನುವುದು ಉತ್ತರ ಆಗುವುದಿಲ್ಲ. ಮನೆಯ ಹಣಕಾಸು ಗಂಡನೇ ನೋಡಿಕೊಳ್ಳುತ್ತಾನೆ ಅನ್ನುವ ಕಡೆ ಹೆಂಡತಿ ಇಲ್ಲಿ ತಡವರಿಸುತ್ತಾಳೆ, ಅದು ಅವಳ ತಪ್ಪಲ್ಲ, ಅವಳಿಗೆ ಹೇಳದವರ ತಪ್ಪು. ಹೋಗುವ ಮೊದಲೇ ಇಬ್ಬರೂ ಕೂತು ಲೋನ್ ಎಷ್ಟು, ಬಡ್ಡಿ ಎಷ್ಟು, ಉಳಿತಾಯ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅಲ್ಲಿ ಏನು ಮಾಡುತ್ತೀರಿ ಅಂದರೆ ನಿಜವನ್ನೇ ಹೇಳಿ. ಎಫ್‌-2ರಲ್ಲಿ ಕೆಲಸ ಮಾಡುವಂತಿಲ್ಲ ಅನ್ನುವುದು ನನಗೆ ಗೊತ್ತಿದೆ, ಮಗುವನ್ನು ನೋಡಿಕೊಳ್ಳುತ್ತೇನೆ ಅಥವಾ ಒಂದೆರಡು ಕೋರ್ಸ್ ಪಾರ್ಟ್ ಟೈಮ್ ಮಾಡುತ್ತೇನೆ ಅನ್ನುವ ಸರಳ ಉತ್ತರ ಸಾಕು. ಮದುವೆ ಹೊಸದಾಗಿದ್ದರೆ ಕೆಲವು ಫೋಟೋ ಒಯ್ಯಿರಿ. ತಾಳಿ ಕಟ್ಟುವುದು, ಎರಡೂ ಕಡೆಯ ಹಿರಿಯರು ಇರುವುದು, ಮದುವೆಯ ನಂತರದ ಒಂದೆರಡು. ಆಲ್ಬಂ ಪೂರ್ತಿ ಬೇಡ. ಕೇಳಿದರೆ ಮಾತ್ರ ಕೊಡಿ.

ನಿರಾಕರಿಸಿದರೆ ಹೆಚ್ಚಾಗಿ 214(ಬಿ) ಅಂತ ಬರೆದ ಚೀಟಿ ಕೊಡುತ್ತಾರೆ. ನೀವು ವಾಪಸ್ ಬರುತ್ತೀರಿ ಎಂದು ಅವರಿಗೆ ನಂಬಿಕೆ ಬರಲಿಲ್ಲ ಎಂದು ಅರ್ಥ. ಇದಕ್ಕೆ ಮೇಲ್ಮನವಿ ಇಲ್ಲ, ಮತ್ತೆ ಫೀಸು ಕಟ್ಟಿ ಮತ್ತೆ ಅರ್ಜಿ ಹಾಕಬಹುದು. ಮರುವಾರವೇ ಅದೇ ಕಾಗದ ಹಿಡಿದು ಓಡಬೇಡಿ, ಏನಾದರೂ ಬದಲಾಗಿರಬೇಕು. 221(ಜಿ) ಅಂದರೆ ಇನ್ನೇನೋ ದಾಖಲೆ ಬೇಕು ಅಥವಾ ಪರಿಶೀಲನೆ ನಡೆಯುತ್ತಿದೆ ಎಂದು. ಚೀಟಿಯಲ್ಲಿ ಬರೆದದ್ದನ್ನು ಮಾಡಿ, ಕಾಯಿರಿ. ಎಫ್‌-1 ಸಿಗದಿದ್ದರೆ ಅದರ ಜೊತೆ ಕೇಳಿದ ಎಫ್‌-2 ಸಿಗುವುದಿಲ್ಲ. ಎಫ್‌-1 ಸಿಕ್ಕಿ ಎಫ್‌-2 ಮಾತ್ರ ತಪ್ಪುವುದು ಉಂಟು, ಹಾಗಾದರೆ ಆ ರಾತ್ರಿಯೇ ಓದುವುದನ್ನೇ ಬಿಡುವ ತೀರ್ಮಾನ ಮಾಡಬೇಡಿ. ಒಂದು ಸೆಮಿಸ್ಟರ್ ಆದ ಮೇಲೆ ಮತ್ತೆ ಅರ್ಜಿ ಹಾಕುವ ದಾರಿ ತೆರೆದೇ ಇದೆ.

ಇಳಿದ ಮೇಲೆ

ಐ-20 ಕೈಚೀಲದಲ್ಲಿ ಇರಲಿ, ಚೆಕ್‌ಇನ್ ಸೂಟ್‌ಕೇಸಿನಲ್ಲಿ ಬೇಡ. ವಿಮಾನ ನಿಲ್ದಾಣದಲ್ಲಿ ಒಳಗೆ ಬಿಟ್ಟ ಮೇಲೆ ಐ-94 ದಾಖಲೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಎಫ್‌-2 ಅಂತ ಬರೆದಿದ್ದಾರಾ ನೋಡಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಕೊನೆಯ ದಿನಾಂಕ ಬೇರೆ, ನೀವು ಅಲ್ಲಿ ಎಷ್ಟು ದಿನ ಇರಬಹುದು ಅನ್ನುವುದು ಬೇರೆ. ಎರಡನೆಯದನ್ನು ಹೇಳುವುದು ಐ-94. ಅದರಲ್ಲಿ ದಿನಾಂಕದ ಬದಲು ಡಿ/ಎಸ್ ಅಂತ ಬರೆಯುವುದು ಬಹಳ ಕಾಲದ ರೂಢಿ, ಎಂದರೆ ಓದುವವರು ನಿಯಮದಂತೆ ಓದುತ್ತಿರುವ ತನಕ ಇರಬಹುದು. ಇದನ್ನು ತೆಗೆದು ನಿಗದಿತ ದಿನಾಂಕ ಕೊಡಬೇಕು ಅನ್ನುವ ಪ್ರಸ್ತಾವ 2025ರ ಆಗಸ್ಟ್‌ನಲ್ಲಿ ಬಂತು. ಹಾಗಾಗಿ ನಿಮ್ಮದರಲ್ಲಿ ಏನಿದೆ ಅಂತ ನೀವೇ ಓದಿಕೊಳ್ಳಿ.

ಆರೋಗ್ಯ ವಿಮೆಗೆ ಮೊದಲ ವಾರವೇ ಕೈ ಹಾಕಿ. ಯೂನಿವರ್ಸಿಟಿಯ ವಿಮೆಯಲ್ಲಿ ಸಂಗಾತಿಯನ್ನು ಸೇರಿಸಲು ಗಡುವು ಇರುತ್ತದೆ, ತಪ್ಪಿದರೆ ಮುಂದಿನ ಸೆಮಿಸ್ಟರ್ ತನಕ ಕಾಯಬೇಕಾಗಬಹುದು. ಸಂಗಾತಿಯ ಕಂತು ದುಬಾರಿ, ಅದಕ್ಕೇ ಅಗ್ಗದ ಟ್ರಾವೆಲ್ ಪಾಲಿಸಿ ತೆಗೆದುಕೊಂಡು ಹೋಗುವವರು ಇದ್ದಾರೆ. ಅದರಲ್ಲಿ ಹೆರಿಗೆ ಸೇರಿದೆಯಾ, ಮೊದಲೇ ಇದ್ದ ಥೈರಾಯ್ಡ್, ಸಕ್ಕರೆ ಕಾಯಿಲೆ ಸೇರಿದೆಯಾ ಓದಿ ನೋಡಿ, ಬಹಳಷ್ಟರಲ್ಲಿ ಇರುವುದಿಲ್ಲ. ಜೆ-2ರವರಿಗೆ ವಿಮೆ ಕಡ್ಡಾಯ, ಒಂದು ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರ್ ರಕ್ಷಣೆ ಇರಬೇಕು.

ಎಫ್‌-2ರವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ಗುರುತಿನ ನಂಬರ್) ಸಿಗುವುದಿಲ್ಲ. ಆದರೂ ಬ್ಯಾಂಕ್ ಖಾತೆ ತೆರೆಯಬಹುದು, ಡ್ರೈವಿಂಗ್ ಲೈಸೆನ್ಸ್ ಮಾಡಿಸಬಹುದು. ಲೈಸೆನ್ಸಿಗೆ ಎಷ್ಟೋ ರಾಜ್ಯಗಳಲ್ಲಿ 'ಇವರಿಗೆ ನಂಬರ್ ಕೊಡುವ ಹಾಗಿಲ್ಲ' ಅನ್ನುವ ಪತ್ರವನ್ನು ಸೋಷಿಯಲ್ ಸೆಕ್ಯುರಿಟಿ ಆಫೀಸಿನಿಂದ ತರಲು ಹೇಳುತ್ತಾರೆ. ಲೈಸೆನ್ಸ್ ಮಾಡಿಸಲೇಬೇಕು. ಬಸ್ ಕಡಿಮೆ ಇರುವ ಯೂನಿವರ್ಸಿಟಿ ಊರುಗಳಲ್ಲಿ ಗಾಡಿ ಓಡಿಸಲು ಬರದಿದ್ದರೆ ಹಾಲು ತರುವುದಕ್ಕೂ ಇನ್ನೊಬ್ಬರ ಬಿಡುವಿಗೆ ಕಾಯಬೇಕು. ಇನ್ನೊಂದು ಸಣ್ಣ ಕಾಗದವನ್ನು ತುಂಬಾ ಜನ ಮರೆಯುತ್ತಾರೆ. ಒಂದು ಡಾಲರ್ ಆದಾಯ ಇಲ್ಲದಿದ್ದರೂ ಎಫ್‌-2ರವರು ವರ್ಷಕ್ಕೊಮ್ಮೆ ಫಾರ್ಮ್ 8843 ತುಂಬಿ ಅಮೆರಿಕದ ತೆರಿಗೆ ಇಲಾಖೆಗೆ ಕಳಿಸಬೇಕು. ಆದಾಯ ಇಲ್ಲದವರಿಗೆ ಸಾಮಾನ್ಯವಾಗಿ ಜೂನ್ 15ರ ತನಕ ಸಮಯ ಇರುತ್ತದೆ.

ಬೆಂಗಳೂರಿನ ಕೆಲಸವನ್ನು ಅಲ್ಲಿಂದಲೇ ಮಾಡಬಹುದಾ?

ಐಟಿಯವರು ಎಲ್ಲರೂ ಕೇಳುವ ಪ್ರಶ್ನೆ ಇದು. ಕಂಪನಿ ಇಲ್ಲಿಯದು, ಸಂಬಳ ರೂಪಾಯಿಯಲ್ಲಿ, ಬೀಳುವುದು ಇಲ್ಲಿನ ಖಾತೆಗೆ, ಅಮೆರಿಕದವರ ಕೆಲಸ ಕಿತ್ತುಕೊಂಡ ಹಾಗೂ ಇಲ್ಲ, ಹಾಗಾದರೆ ತೊಂದರೆ ಏನು ಅಂತ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕೆಲಸ ಮಾಡುತ್ತಾ ನೀವು ಕೂತಿರುವ ಜಾಗ ಅಮೆರಿಕ, ನಿಮ್ಮ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇಲ್ಲ. ಇದು ಸರಿ ಎಂದು ಎಫ್‌-2ರವರಿಗೆ ಅಭಯ ಕೊಡುವ ನಿಯಮ ಯಾವುದೂ ಇಲ್ಲ. ಮುಂದೆ ಎಚ್‌-1ಬಿಗೋ ಗ್ರೀನ್ ಕಾರ್ಡಿಗೋ ಅರ್ಜಿ ಹಾಕುವಾಗ ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಅನ್ನುವ ಪ್ರಶ್ನೆ ಬರಬಹುದು. ಅಲ್ಲಿ ಕೂತು ದುಡಿದರೆ ತೆರಿಗೆಯ ಪ್ರಶ್ನೆಯೂ ಬರುತ್ತದೆ. ಗೆಳೆಯರು ಮಾಡುತ್ತಿದ್ದಾರೆ, ಏನೂ ಆಗಿಲ್ಲ ಅನ್ನುವುದನ್ನು ಆಧಾರ ಮಾಡಿಕೊಳ್ಳಬೇಡಿ. ಅಮೆರಿಕದ ಇಮಿಗ್ರೇಷನ್ ವಕೀಲರೊಬ್ಬರಿಗೆ ಫೀಸು ಕೊಟ್ಟು ನಿಮ್ಮ ವಿಷಯವನ್ನೇ ಹೇಳಿ ಕೇಳಿ. ಅದಕ್ಕಿಂತ ಒಳ್ಳೆಯದು, ಹೊರಡುವ ಮೊದಲು ಕಂಪನಿಯಲ್ಲಿ ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ಕೇಳುವುದು. ಕೇಳಿದರೆ ಕೊಡುವ ಕಡೆ ಇವೆ, ಯಾರೂ ಕೇಳುವುದಿಲ್ಲ ಅಷ್ಟೆ.

ಸ್ವಯಂಸೇವೆ ಮಾಡಬಹುದು. ಲೈಬ್ರರಿ, ದೇವಸ್ಥಾನ, ಕನ್ನಡ ಕೂಟದ ಮಕ್ಕಳ ಕನ್ನಡ ತರಗತಿ, ಇಂಥವು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಸಂಬಳವಿಲ್ಲದೆ ಮಾಡಿದರೆ ಅದು ಸ್ವಯಂಸೇವೆ ಅನ್ನಿಸಿಕೊಳ್ಳುವುದಿಲ್ಲ, ಈ ಗೆರೆ ನೆನಪಿರಲಿ.

ಓದುವ ವಿಷಯ

2015ರ ಮೇ ತಿಂಗಳಿಂದ ಎಫ್‌-2 ಸಂಗಾತಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪಾರ್ಟ್ ಟೈಮ್ ಓದಬಹುದು. ಕ್ರೆಡಿಟ್ ಸಿಗುತ್ತದೆ, ಪದವಿಗೆ ಲೆಕ್ಕಕ್ಕೂ ಬರುತ್ತದೆ. ಫುಲ್ ಟೈಮ್ ಓದಬೇಕೆಂದರೆ ನೀವೂ ಎಫ್‌-1ಗೆ ಬದಲಾಗಬೇಕು. ಅಲ್ಲೇ ಇದ್ದು ಐ-539 ಅರ್ಜಿ ಹಾಕಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಮತ್ತು ಒಪ್ಪಿಗೆ ಬರುವ ತನಕ ಫುಲ್ ಟೈಮ್ ಶುರು ಮಾಡುವಂತಿಲ್ಲ. ಇಲ್ಲವೇ ಊರಿಗೆ ಬಂದು ಎಫ್‌-1 ವೀಸಾ ಮಾಡಿಸಿಕೊಂಡು ಹೋಗಬಹುದು. ಕೆಲಸಕ್ಕೆ ಸೇರುವ ಆಸೆ ಇರುವವರಿಗೆ ನಾನು ಮೊದಲು ಹೇಳುವ ದಾರಿ ಇದೇ. ಮೊದಲ ವರ್ಷ ಸಮುದಾಯ ಕಾಲೇಜಿನಲ್ಲಿ ಒಂದೆರಡು ವಿಷಯ ಓದಿ, ಹತ್ತಿರದ ಯೂನಿವರ್ಸಿಟಿಗೆ ಅರ್ಜಿ ಹಾಕಿ, ಸ್ಕಾಲರ್‌ಶಿಪ್ ಅಥವಾ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಎಫ್‌-1 ಆಗಿ. ಹಾಗೆ ಆದವರಿಗೆ ಮುಂದೆ ಓಪಿಟಿಯೂ ಸಿಗುತ್ತದೆ.

ಎಚ್‌-4 (ಎಚ್‌-1ಬಿಯವರ ಸಂಗಾತಿಯ ವೀಸಾ) ಆದ ಕೂಡಲೇ ಕೆಲಸ ಸಿಗುತ್ತದೆ ಎಂದು ಕಾಯುತ್ತಾ ಕೂರಬೇಡಿ. ಸಂಗಾತಿಗೆ ಎಚ್‌-1ಬಿ ಸಿಕ್ಕು, ಮುಖ್ಯವಾಗಿ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾದ ಮೇಲೆ ಎಚ್‌-4ರವರು ಕೆಲಸದ ಕಾರ್ಡಿಗೆ ಅರ್ಜಿ ಹಾಕಬಹುದು. ಅಲ್ಲಿಗೆ ಮುಟ್ಟಲು ವರ್ಷಗಳೇ ಬೇಕು.

ಊರಿಗೆ ಬಂದು ಹೋಗುವಾಗ

ನೀವೊಬ್ಬರೇ ತಂಗಿಯ ಮದುವೆಗೆ ಬಂದು ವಾಪಸ್ ಹೋಗಬಹುದು, ಸಂಗಾತಿ ಅಲ್ಲಿ ಸರಿಯಾಗಿ ಓದುತ್ತಿದ್ದರೆ ಸಾಕು. ನಿಮ್ಮ ಐ-20ರ ಮೇಲೆ ಡಿಎಸ್‌ಓ ಅವರ ಪ್ರಯಾಣದ ಸಹಿ ಇರಬೇಕು, ಅದು ಒಂದು ವರ್ಷ ನಡೆಯುತ್ತದೆ, ಸಂಗಾತಿ ಓಪಿಟಿಯಲ್ಲಿದ್ದರೆ ಆರು ತಿಂಗಳು ಮಾತ್ರ. ಸಂಗಾತಿಯ ಐ-20ರಲ್ಲಿ ಏನೇ ಬದಲಾದರೂ, ಕೋರ್ಸ್ ವಿಸ್ತರಣೆ, ಯೂನಿವರ್ಸಿಟಿ ಬದಲಾವಣೆ, ಓಪಿಟಿ, ನಿಮ್ಮದನ್ನೂ ಹೊಸದಾಗಿ ಮಾಡಿಸಬೇಕು. ಇದನ್ನು ಅವರೇ ನೆನಪಿಟ್ಟುಕೊಳ್ಳುತ್ತಾರೆ ಎಂದು ಬಿಡಬೇಡಿ.

ನಿಮ್ಮ ಕಾಗದ ನಿಮ್ಮ ಹತ್ತಿರ

ನಿಮ್ಮ ಪಾಸ್‌ಪೋರ್ಟ್, ಐ-20, ಐ-94, ಮದುವೆ ಸರ್ಟಿಫಿಕೇಟ್, ಓದಿನ ಮತ್ತು ಕೆಲಸದ ಸರ್ಟಿಫಿಕೇಟ್‌ಗಳು ನಿಮಗೆ ಕೈಗೆಟುಕುವಲ್ಲಿ ಇರಬೇಕು. ಎಲ್ಲದರ ಸ್ಕ್ಯಾನ್ ಪ್ರತಿಯನ್ನು ನಿಮ್ಮದೇ ಇಮೇಲ್‌ನಲ್ಲಿ ಇಟ್ಟುಕೊಳ್ಳಿ, ಊರಲ್ಲಿ ನಂಬುವ ಒಬ್ಬರಿಗೂ ಕಳಿಸಿಡಿ. ನಿಮ್ಮ ಹೆಸರಲ್ಲಿ ಒಂದು ಬ್ಯಾಂಕ್ ಖಾತೆ, ವಾಪಸ್ ಟಿಕೆಟಿಗೆ ಆಗುವಷ್ಟು ಹಣ, ನಿಮ್ಮದೇ ಫೋನ್ ನಂಬರ್ ಇರಲಿ. ಒಳ್ಳೆಯ ಸಂಸಾರದಲ್ಲೂ ಇದು ಬೇಕು, ಸಂಗಾತಿ ಆಸ್ಪತ್ರೆಗೆ ಸೇರಿದರೆ ಓಡಾಡಬೇಕಾದವರು ನೀವೇ.

ಎಫ್‌-2 ನಿಂತಿರುವುದು ಸಂಗಾತಿಯ ಎಫ್‌-1ರ ಮೇಲೆ. ಅವರು ಓದು ಬಿಟ್ಟರೆ ನಿಮ್ಮದೂ ಮುಗಿಯುತ್ತದೆ. ಡಿವೋರ್ಸ್ ಆದರೆ ಆಗಲೂ ಮುಗಿಯುತ್ತದೆ, ಬೇರೆ ವೀಸಾಗೆ ಬದಲಾಗುವುದಿದ್ದರೆ ಅದಕ್ಕೆ ಮೊದಲೇ ವಕೀಲರನ್ನು ನೋಡಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ 'ದೂರು ಕೊಟ್ಟರೆ ನಿನ್ನ ವೀಸಾ ಹೋಗುತ್ತದೆ' ಅನ್ನುವ ಮಾತಿಗೆ ಹೆದರಬೇಡಿ. ಅಮೆರಿಕದಲ್ಲಿ ತುರ್ತು ಪೊಲೀಸ್ ನಂಬರ್ 911. ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಇರುತ್ತದೆ, ವೀಸಾ ಯಾವುದೇ ಇರಲಿ ಯಾರು ಬೇಕಾದರೂ ಕರೆ ಮಾಡಬಹುದು, ಇಂಗ್ಲಿಷ್ ಬರದವರಿಗೆ ದುಭಾಷಿಯನ್ನು ಕೇಳಬಹುದು. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ನೀವೇ ಹೋಗಿ ಮಾತಾಡಬಹುದು, ಸಂಗಾತಿಯನ್ನು ಕರೆದುಕೊಂಡೇ ಹೋಗಬೇಕು ಎಂದೇನಿಲ್ಲ. ಹೊರಡುವ ಮುಂಚೆ ಈ ಎರಡು ನಂಬರುಗಳನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆಗೂ ಇಟ್ಟುಕೊಳ್ಳಿ.